ಮಾಳಿಗೆಯ ಮೇಲಿನ ಟವರ್: ಅಂಕಿ ಬಚ್ಚಿಟ್ಟವರೇ ತಪ್ಪಿತಸ್ಥರು

ಮೊಬೈಲ್ ಟವರ್ ಪಕ್ಕದಲ್ಲಿದ್ದರೆ ಕ್ಯಾನ್ಸರ್ ಬಂದೇ ಬರುತ್ತದೆ ಎಂದು ಬಡಾವಣೆಯ ಜನರನ್ನು ಹೆದರಿಸುವವರ ಬಳಿ ಪುರಾವೆ ಇಲ್ಲ. ಹಾಗೆಂದ ಮಾತ್ರಕ್ಕೆ ಟವರ್ ಕಂಪನಿಗಳಾಗಲಿ, ದೂರಸಂಪರ್ಕ ಇಲಾಖೆಯಾಗಲಿ, ನಗರ ಪಾಲಿಕೆಯಾಗಲಿ ನಿರ್ದೋಷಿಗಳಾಗುವುದಿಲ್ಲ. ಮಲಗುವ ಕೋಣೆಯ ಕಿಟಕಿಗೆ ಎದುರಾಗಿ ಆಂಟೆನಾ ಬಂದು ನಿಂತಾಗ, ಅದರಿಂದ ಹೊರಟ ಅಲೆ ನಮ್ಮ ಮನೆಯೊಳಗೆ ಎಷ್ಟಿದೆ ಎಂದು ಕೇಳುವುದು ನಾಗರಿಕರ ಹಕ್ಕು. ಆ ಪ್ರಶ್ನೆಗೆ ಅಂಕಿಯಲ್ಲಿ ಉತ್ತರ ಕೊಡಬೇಕಾದವರು ‘ಎಲ್ಲವೂ ಮಿತಿಯೊಳಗಿದೆ’ ಎಂಬ ಒಂದು ಸಾಲಿನಲ್ಲಿ ಕೈತೊಳೆದುಕೊಳ್ಳುತ್ತ ಬಂದಿದ್ದಾರೆ. ಭಯ ಬೆಳೆದದ್ದು ಅಲ್ಲಿಂದ. ಈ ವಿಷಯದಲ್ಲಿ ನಮ್ಮ ತೀರ್ಪು ರೇಡಿಯೊ ಅಲೆಗಳ ಮೇಲಲ್ಲ, ಅವುಗಳ ಲೆಕ್ಕವನ್ನು ಜನರ ಕೈಗೆ ಸಿಗದಂತೆ ಇಟ್ಟಿರುವ ವ್ಯವಸ್ಥೆಯ ಮೇಲೆ.

ಮೈಸೂರಿನ ಕುವೆಂಪುನಗರವನ್ನು ಕಣ್ಣಮುಂದೆ ಇಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇವೆ. ಪಂಚಮಂತ್ರ ರಸ್ತೆ, ಅನಿಕೇತನ ರಸ್ತೆ, ವಿಶ್ವಮಾನವ ಜೋಡಿರಸ್ತೆ ಎಂದು ಕವಿಯ ಚಿಂತನೆಯನ್ನೇ ಹೆಸರಾಗಿ ಹೊತ್ತ ಬೀದಿಗಳಿರುವ ಬಡಾವಣೆ ಇದು. ಆದಿಪಂಪ ರಸ್ತೆಯಲ್ಲಿ ವೀಣೆ ಶೇಷಣ್ಣ ಭವನವಿದೆ, ಆದಿಚುಂಚನಗಿರಿ ರಸ್ತೆಯಲ್ಲಿ ದೊಡ್ಡ ಆಸ್ಪತ್ರೆಯಿದೆ, ಬೀದಿ ಬೀದಿಗೂ ಶಾಲೆ, ಟ್ಯೂಷನ್, ಉದ್ಯಾನ. ನಿವೃತ್ತ ಮೇಷ್ಟ್ರುಗಳು, ಬ್ಯಾಂಕಿನವರು, ವಿಶ್ವವಿದ್ಯಾಲಯದವರು ಸಾಲ ತೀರಿಸಿ ಕಟ್ಟಿಕೊಂಡ ಮನೆಗಳು ಇಲ್ಲಿ ಬಹಳ. ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುವುದರಿಂದ ಸಂಜೆಯ ವಿಡಿಯೊ ಕರೆ ಈ ಮನೆಗಳ ಉಸಿರು. ನೆಟ್‌ವರ್ಕ್ ಬೇಡ ಎನ್ನುವವರು ಇಲ್ಲಿ ಯಾರೂ ಇಲ್ಲ. ಆದರೆ ಟವರ್ ವಿಷಯ ಬಂದಾಗ ಇಲ್ಲೂ ರಾಜ್ಯದ ಬೇರೆ ನಗರಗಳ ಬಡಾವಣೆಗಳಲ್ಲೂ ನಡೆಯುವುದು ಒಂದೇ. ಯಾರದೋ ಮಾಳಿಗೆಯ ಮೇಲೆ ಕಬ್ಬಿಣ ಏರುತ್ತದೆ. ಅಕ್ಕಪಕ್ಕದವರಿಗೆ ತಿಳಿಯುವುದು ಕ್ರೇನ್ ಬಂದ ಮೇಲೆ. ಬಳಿಕ ಸಹಿ ಸಂಗ್ರಹ, ವಲಯ ಕಚೇರಿಗೆ ಮನವಿ, ಕೆಲವು ದಿನ ಕೆಲಸ ಸ್ಥಗಿತ, ಕೊನೆಗೆ ಒಂದು ರಾತ್ರಿ ಮತ್ತೆ ಕೆಲಸ. ಬಾಡಿಗೆ ಪಡೆಯುವ ಮನೆಯವರಿಗೂ ಎದುರುಮನೆಯವರಿಗೂ ಮಾತು ನಿಂತುಹೋಗುತ್ತದೆ. ಈ ಜಗಳದಲ್ಲಿ ಎರಡು ಕಡೆಯವರ ಕೈಯಲ್ಲೂ ಇಲ್ಲದ್ದು ಆ ಬೀದಿಯ ಅಳತೆ.

ವಿಜ್ಞಾನ ಏನು ಹೇಳುತ್ತದೆ ಎಂಬುದನ್ನು ಮೊದಲು ಮುಖಕ್ಕೆ ಮುಖ ಕೊಟ್ಟು ನೋಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2011ರ ಮೇ 31ರಂದು ರೇಡಿಯೊ ಅಲೆಗಳನ್ನು ‘2ಬಿ’ ಗುಂಪಿಗೆ ಸೇರಿಸಿತು. ಕ್ಯಾನ್ಸರ್‌ಕಾರಕ ಇರಬಹುದು, ಸಾಕ್ಷ್ಯ ಸೀಮಿತ ಎಂಬುದು ಅದರ ಅರ್ಥ. ಪ್ರತಿಭಟನೆಯ ಕರಪತ್ರಗಳಲ್ಲೆಲ್ಲ ಈ ಸಾಲು ‘ಡಬ್ಲ್ಯುಎಚ್‌ಒ ಒಪ್ಪಿಕೊಂಡಿದೆ’ ಎಂದು ಬದಲಾಗಿ ಬರುತ್ತದೆ. ಅಂದು ಆ ಸಂಸ್ಥೆ ಮುಖ್ಯವಾಗಿ ನೋಡಿದ್ದು ಕಿವಿಗೆ ಒತ್ತಿಹಿಡಿದು ಬಳಸುವ ಮೊಬೈಲ್ ಫೋನಿನ ಮೇಲಿನ ಅಧ್ಯಯನಗಳನ್ನು, ಬೀದಿಯಾಚೆಯ ಟವರನ್ನಲ್ಲ. ಅದಾದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯೇ ಕೇಳಿ ಮಾಡಿಸಿದ, 2024ರಲ್ಲಿ ಪ್ರಕಟವಾದ ಪರಿಶೀಲನೆ 22 ದೇಶಗಳ 63 ಅಧ್ಯಯನಗಳನ್ನು ಒಟ್ಟಿಗೆ ಓದಿತು. ಮೊಬೈಲ್ ಬಳಕೆಗೂ ಮಿದುಳಿನ ಕ್ಯಾನ್ಸರಿಗೂ ಸಂಬಂಧ ಕಾಣಲಿಲ್ಲ ಎಂದಿತು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಬಳಸಿದವರಲ್ಲೂ ಕಾಣಲಿಲ್ಲ.

ಟವರನ್ನೇ ಗುರಿಯಾಗಿಟ್ಟುಕೊಂಡ ಅಧ್ಯಯನವೂ ಉಂಟು. ಬ್ರಿಟನ್ನಿನಲ್ಲಿ ಎಳೆಯ ವಯಸ್ಸಿನಲ್ಲೇ ಕ್ಯಾನ್ಸರ್ ಬಂದ 1,397 ಮಕ್ಕಳನ್ನೂ, ಅವರಿಗೆ ಹೋಲಿಕೆಯಾಗಿ 5,588 ಮಕ್ಕಳನ್ನೂ ತೆಗೆದುಕೊಂಡು, ಅವರ ತಾಯಂದಿರು ಗರ್ಭಿಣಿಯಾಗಿದ್ದಾಗ ವಾಸವಿದ್ದ ಮನೆ ಟವರಿನಿಂದ ಎಷ್ಟು ದೂರವಿತ್ತು, ಎಷ್ಟು ಅಲೆ ತಾಕಿರಬಹುದು ಎಂದು ಲೆಕ್ಕ ಹಾಕಿದರು. 2010ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಫಲಿತಾಂಶ: ಯಾವ ನಂಟೂ ಇಲ್ಲ. ಇನ್ನೊಂದು ಕಡೆ, ಅಮೆರಿಕದ ರಾಷ್ಟ್ರೀಯ ವಿಷವಿಜ್ಞಾನ ಕಾರ್ಯಕ್ರಮ 2018ರಲ್ಲಿ ಗಂಡು ಇಲಿಗಳ ಹೃದಯದಲ್ಲಿ ಗೆಡ್ಡೆ ಕಂಡಿತೆಂದು ಹೇಳಿತು. ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಆದರೆ ಆ ಇಲಿಗಳ ಇಡೀ ಮೈಗೆ ದಿನಕ್ಕೆ 9 ಗಂಟೆ, ಎರಡು ವರ್ಷ, ಟವರಿನ ಸುತ್ತಲಿನ ಮನೆಗಳಲ್ಲಿ ಊಹಿಸಲೂ ಆಗದಷ್ಟು ಪ್ರಬಲ ಅಲೆ ಹಾಯಿಸಿದ್ದರು. ಅಲೆಗೆ ಒಡ್ಡಿದ ಗಂಡು ಇಲಿಗಳು ಒಡ್ಡದ ಇಲಿಗಳಿಗಿಂತ ಹೆಚ್ಚು ದಿನ ಬದುಕಿದವು ಎಂಬುದೂ ಅದೇ ವರದಿಯಲ್ಲಿದೆ. ಒಂದನ್ನು ಹೇಳಿ ಇನ್ನೊಂದನ್ನು ನುಂಗುವುದು ವಿಚಾರವಲ್ಲ.

ನಂಟು ಏಕೆ ಕಾಣುವುದಿಲ್ಲ ಎಂಬುದಕ್ಕೆ ಭೌತವಿಜ್ಞಾನದಲ್ಲಿ ಉತ್ತರವಿದೆ. ಎಕ್ಸ್‌ರೇ, ಗಾಮಾ ಕಿರಣಗಳು ಅಣುಗಳಿಂದ ಎಲೆಕ್ಟ್ರಾನನ್ನು ಕಿತ್ತೆಸೆದು ಜೀವಕೋಶದ ಡಿಎನ್‌ಎಯನ್ನು ಕಡಿಯಬಲ್ಲವು. ಮೊಬೈಲ್ ಬಳಸುವ ಅಲೆಯ ಒಂದೊಂದು ಕಣದ ಶಕ್ತಿ ಆ ಕೆಲಸಕ್ಕೆ ಬೇಕಾದ್ದಕ್ಕಿಂತ ಲಕ್ಷಾಂತರ ಪಟ್ಟು ಕಡಿಮೆ. ಅದು ಖಚಿತವಾಗಿ ಮಾಡಬಲ್ಲದ್ದು ಬಿಸಿ. ಅಂತರರಾಷ್ಟ್ರೀಯ ಮಿತಿಗಳು ನಿಂತಿರುವುದು ಆ ಬಿಸಿಯ ಲೆಕ್ಕದ ಮೇಲೆ: ಪ್ರಾಣಿಗಳಲ್ಲಿ ಪರಿಣಾಮ ಕಂಡ ಮಟ್ಟವನ್ನು 50ರಿಂದ ಭಾಗಿಸಿ ಜನಸಾಮಾನ್ಯರ ಮಿತಿ ಮಾಡಿದ್ದಾರೆ. ಭಾರತ 2012ರ ಸೆಪ್ಟೆಂಬರ್ 1ರಿಂದ ಅದನ್ನೂ ಹತ್ತನೇ ಒಂದಕ್ಕೆ ಇಳಿಸಿತು. 900 ಮೆಗಾಹರ್ಟ್ಸ್ ಅಲೆಗೆ ಚದರ ಮೀಟರಿಗೆ 4.5 ವ್ಯಾಟ್ ಇದ್ದದ್ದು 0.45 ಆಯಿತು, 1800ಕ್ಕೆ 9 ಇದ್ದದ್ದು 0.9 ಆಯಿತು. ಕಾಗದದ ಮೇಲೆ ನಮ್ಮ ಮಿತಿ ಅನೇಕ ಶ್ರೀಮಂತ ದೇಶಗಳದ್ದಕ್ಕಿಂತ ಬಿಗಿ.

ಬೀದಿಯಲ್ಲಿ ಮೂರು ಜನಕ್ಕೆ ಕ್ಯಾನ್ಸರ್ ಬಂದಾಗ ಈ ಮಾತೆಲ್ಲ ಸಮಾಧಾನ ಕೊಡುವುದಿಲ್ಲ, ಗೊತ್ತು. ಕಾಯಿಲೆ ಬಿದ್ದ ಮನೆಗೆ ಒಂದು ಕಾರಣ ಬೇಕಾಗುತ್ತದೆ, ಟವರ್ ಕಣ್ಣೆದುರೇ ನಿಂತಿರುತ್ತದೆ. ಆದರೆ ಭಾರತದಲ್ಲಿ ಒಂಬತ್ತು ಜನರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಎಂದಾದರೂ ಕ್ಯಾನ್ಸರ್ ಬರುವ ಸಂಭವವಿದೆ ಎಂದು ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದ ಅಂದಾಜು ಹೇಳುತ್ತದೆ. ನಲವತ್ತು ಮನೆಯ ಬೀದಿಯಲ್ಲಿ ನೂರೈವತ್ತು ಜನರಿದ್ದರೆ, ಟವರ್ ಇರಲಿ ಬಿಡಲಿ, ಕಾಲಾಂತರದಲ್ಲಿ ಹದಿನೈದಕ್ಕೂ ಹೆಚ್ಚು ಮಂದಿಗೆ ಆ ಕಾಯಿಲೆ ಬರುವುದು ನಿರೀಕ್ಷಿತವೇ. ನಿವೃತ್ತರೇ ಹೆಚ್ಚಿರುವ ಬಡಾವಣೆಯಲ್ಲಿ ಅದು ಒಂದೆರಡು ವರ್ಷದಲ್ಲಿ ಒತ್ತೊತ್ತಾಗಿ ಕಾಣಿಸಿಕೊಳ್ಳಬಹುದು. ಟವರೇ ಕಾರಣವೋ ಅಲ್ಲವೋ ಎಂದು ತಿಳಿಯಬೇಕಾದರೆ ಟವರ್ ಇಲ್ಲದ ಬೀದಿಗಳ ಲೆಕ್ಕವೂ ಬೇಕು. ಆ ಕೆಲಸಕ್ಕೆ ಕ್ಯಾನ್ಸರ್ ನೋಂದಣಿ ಎಂಬ ಸಾಧನವಿದೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1982ರಿಂದ ಬೆಂಗಳೂರಿನ ಜನಸಂಖ್ಯೆಯ ಮೇಲೆ ಅದನ್ನು ನಡೆಸುತ್ತ ಬಂದಿದೆ. ಮೊಬೈಲ್ ಬರುವ ಮೊದಲಿನ ಹತ್ತು ಹನ್ನೆರಡು ವರ್ಷಗಳ ದಾಖಲೆಯೂ ಅದರಲ್ಲಿರುವುದರಿಂದ, ಟವರ್ ಬಗ್ಗೆ ಕೂಗಾಡುವ ಪ್ರತಿಯೊಬ್ಬ ಜನಪ್ರತಿನಿಧಿಯೂ ಮೊದಲು ಕೇಳಬೇಕಾದ ಪುಸ್ತಕ ಅದು.

ನಿದ್ದೆ ಬಾರದಿರುವುದು, ತಲೆನೋವು, ಎದೆ ಢವಢವ ಎಂದು ದೂರುವವರ ಮಾತನ್ನು ‘ಭ್ರಮೆ’ ಎಂದು ತಳ್ಳಿಹಾಕುವ ಅಧಿಕಾರಿಗಳ ಧೋರಣೆಯನ್ನೂ ನಾವು ಒಪ್ಪುವುದಿಲ್ಲ. ಬ್ರಿಟನ್ನಿನ ಎಸೆಕ್ಸ್ ವಿಶ್ವವಿದ್ಯಾಲಯ 2007ರಲ್ಲಿ ಇಂಥವರನ್ನೇ ಕೂರಿಸಿ, ಅಲೆ ಇದೆಯೋ ಇಲ್ಲವೋ ತಿಳಿಸದೆ ಪರೀಕ್ಷಿಸಿದಾಗ, ಆಂಟೆನಾ ಚಾಲೂ ಇರುವುದನ್ನು ಅವರು ಬರಿಯ ಊಹೆಗಿಂತ ಹೆಚ್ಚು ಸರಿಯಾಗಿ ಗುರುತಿಸಲಾಗಲಿಲ್ಲ. ಆದರೆ ಅವರ ಸಂಕಟ ನಿಜವಾಗಿತ್ತು. ತನ್ನನ್ನು ಕೇಳದೆ, ತನಗೆ ಹೇಳದೆ ತಲೆಯ ಮೇಲೆ ತಂದು ನಿಲ್ಲಿಸಿದ ವಸ್ತುವಿನ ಕೆಳಗೆ ಮಲಗುವವರಿಗೆ ನಿದ್ದೆ ಬಾರದಿದ್ದರೆ ಅದಕ್ಕೆ ಹೊಣೆ ಹಾಗೆ ತಂದು ನಿಲ್ಲಿಸಿದವರದ್ದು.

ಭಯವನ್ನು ಬಂಡವಾಳ ಮಾಡಿಕೊಂಡವರ ಬಗ್ಗೆ ಮಾತ್ರ ಯಾವ ಕನಿಕರವೂ ಬೇಕಿಲ್ಲ. ಫೋನಿನ ಹಿಂದೆ ಅಂಟಿಸಿದರೆ ರೇಡಿಯೇಷನ್ ಹೀರಿಕೊಳ್ಳುತ್ತದೆಂಬ ಚಿಪ್, ಮನೆಗೆ ಹಾಕಿಸುವ ‘ರಕ್ಷಾ ಯಂತ್ರ’ ಮಾರುವವರು ವಯಸ್ಸಾದವರ ಪಿಂಚಣಿಗೆ ಕೈಹಾಕುತ್ತಿದ್ದಾರೆ. 2020ರ ಅಕ್ಟೋಬರ್‌ನಲ್ಲಿ ರಾಷ್ಟ್ರೀಯ ಕಾಮಧೇನು ಆಯೋಗದ ಅಂದಿನ ಅಧ್ಯಕ್ಷ ವಲ್ಲಭಭಾಯಿ ಕಥಿರಿಯಾ ಸಗಣಿಯ ಚಿಪ್ ಹಿಡಿದು, ಇದು ಮೊಬೈಲಿನ ವಿಕಿರಣ ತಗ್ಗಿಸುತ್ತದೆ ಎಂದರು. ವಿಜ್ಞಾನಿಗಳು ಪುರಾವೆ ಕೇಳಿದರು. ಸರ್ಕಾರಿ ಪೀಠದಿಂದ ಹೀಗೆ ಮಾತಾಡಿದ್ದು ಜನರ ಬುದ್ಧಿಗೆ ಮಾಡಿದ ಅಪಚಾರ. 2021ರ ಜೂನ್‌ನಲ್ಲಿ ನಟಿ ಜೂಹಿ ಚಾವ್ಲಾ 5ಜಿ ವಿರುದ್ಧ ಹೂಡಿದ ದಾವೆಯನ್ನು ದೆಹಲಿ ಹೈಕೋರ್ಟ್ ವಜಾ ಮಾಡಿ 20 ಲಕ್ಷ ರೂಪಾಯಿ ದಂಡ ಹಾಕಿತು. ಅದು ಮುಂದೆ 2 ಲಕ್ಷಕ್ಕೆ ಇಳಿಯಿತು. ಸಿದ್ಧತೆಯಿಲ್ಲದ, ಸದ್ದಿಗಾಗಿ ಮಾಡಿದ ಹೋರಾಟ ನಿಜವಾದ ದೂರುಗಳ ದಾರಿಗೂ ಮುಳ್ಳಾಗುತ್ತದೆ. ‘ನಿರಂಕುಶಮತಿಗಳಾಗಿ’ ಎಂದು ಕರೆಕೊಟ್ಟ ಕವಿಯ ಹೆಸರಿನ ಬಡಾವಣೆಯಲ್ಲಾದರೂ ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದನ್ನು ಪರೀಕ್ಷಿಸದೆ ಮುಂದಕ್ಕೆ ಕಳಿಸುವ ಅಭ್ಯಾಸ ನಿಲ್ಲಬೇಕು.

ಈಗ ನಮ್ಮ ಮುಖ್ಯ ಆರೋಪಕ್ಕೆ ಬರೋಣ.

ಕುವೆಂಪುನಗರದ ಮನೆಗಳನ್ನು ಹಂಚಿದ್ದು ಮೂವತ್ತು–ನಲವತ್ತರ ಸೈಟುಗಳ ಲೆಕ್ಕದಲ್ಲಿ. ದೊಡ್ಡವು ಕೆಲವಿವೆ, ಚಿಕ್ಕವೂ ಇವೆ. ಮೂವತ್ತು ಅಡಿ ಎಂದರೆ ಒಂಬತ್ತು ಮೀಟರ್, ನಲವತ್ತು ಅಡಿ ಎಂದರೆ ಹನ್ನೆರಡು ಮೀಟರ್. ಪಕ್ಕದ ಮನೆಯ ಕಿಟಕಿಗೂ ನಮ್ಮ ಮಾಳಿಗೆಗೂ ಇರುವ ದೂರ ಕೆಲವೇ ಮೀಟರ್, ಎದುರುಮನೆಗೆ ರಸ್ತೆ ದಾಟಿದರೆ ಹತ್ತು ಹದಿನೈದು ಮೀಟರ್. ಈ ಅಳತೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದು ಆಂಟೆನಾದ ಲೆಕ್ಕ ಹಾಕೋಣ. ಅದಕ್ಕೆ 20 ವ್ಯಾಟ್ ಶಕ್ತಿ ಕೊಟ್ಟಿದ್ದಾರೆ ಎಂದಿಟ್ಟುಕೊಳ್ಳಿ. ಆಂಟೆನಾ ಅದನ್ನು ಸುತ್ತಲೂ ಸಮನಾಗಿ ಚೆಲ್ಲುವುದಿಲ್ಲ. ಟಾರ್ಚಿನ ಹಾಗೆ ಒಂದು ದಿಕ್ಕಿಗೆ ಕೂಡಿಸಿ ಕಳಿಸುತ್ತದೆ. ಆ ದಿಕ್ಕಿನ ನಡುಮಧ್ಯದಲ್ಲಿ ನಿಂತವರ ಮಟ್ಟಿಗೆ ಅದು ಸುಮಾರು 1,000 ವ್ಯಾಟಿನ ಮೂಲವಿದ್ದಂತೆ. ಐವತ್ತು ಮೀಟರ್ ದೂರದಲ್ಲಿ ಅದು ಚದರ ಮೀಟರಿಗೆ 0.03 ವ್ಯಾಟ್ ಆಗುತ್ತದೆ. ಮಿತಿಯ ಹತ್ತಿರಕ್ಕೂ ಬರುವುದಿಲ್ಲ. ಆದರೆ ದೂರ ಕಡಿಮೆಯಾದಂತೆ ಅಲೆಯ ತೀವ್ರತೆ ದೂರದ ವರ್ಗದ ಲೆಕ್ಕದಲ್ಲಿ ಏರುತ್ತದೆ. ಹತ್ತು ಮೀಟರಿಗೆ ಅದು 0.8 ವ್ಯಾಟ್. 900 ಮೆಗಾಹರ್ಟ್ಸ್‌ಗೆ ಭಾರತ ಇಟ್ಟ ಮಿತಿ 0.45 ಎಂಬುದನ್ನು ಈಗಷ್ಟೇ ಹೇಳಿದೆವು.

ಇದು ಆಂಟೆನಾ ಪೂರ್ಣ ಶಕ್ತಿಯಲ್ಲಿ ದುಡಿಯುವಾಗ, ಕಿರಣದ ಎದುರಿಗೇ, ಅದೇ ಎತ್ತರದಲ್ಲಿ ನಿಂತವರ ಲೆಕ್ಕ. ಕೆಳಗಿನ ಮಹಡಿಯವರಿಗೆ, ಪಕ್ಕಕ್ಕೆ ಸರಿದವರಿಗೆ, ಗೋಡೆಯ ಹಿಂದೆ ಇರುವವರಿಗೆ ಇದು ಬಹಳ ಇಳಿಯುತ್ತದೆ. ಟವರ್ ಹೊತ್ತ ಮನೆಯ ನೆತ್ತಿಯ ಕೆಳಗೆ ಅಲೆ ಎಷ್ಟೋ ಕಡಿಮೆ, ಎದುರುಮನೆಯ ಮೇಲ್ಮಹಡಿಗೆ ಹೆಚ್ಚು. ಬಾಡಿಗೆ ಒಬ್ಬರಿಗೆ, ಅಲೆ ಇನ್ನೊಬ್ಬರಿಗೆ. ಕಾಯಿಲೆಯ ಮಟ್ಟಕ್ಕೆ 0.8 ಕೂಡ ಬಹಳ ದೂರ, ಅದನ್ನೂ ಸ್ಪಷ್ಟವಾಗಿ ಹೇಳುತ್ತೇವೆ. ಆದರೆ ದೇಶ ಒಂದು ಮಿತಿ ಹಾಕಿಕೊಂಡ ಮೇಲೆ ಅದನ್ನು ಮೀರಿದ್ದು ಮೀರಿದ್ದೇ. ಎಲ್ಲಿ ಮೀರಿರಬಹುದು ಎಂಬುದು ದೂರಸಂಪರ್ಕ ಇಲಾಖೆಗೆ ಗೊತ್ತಿಲ್ಲದ ಸಂಗತಿಯೂ ಅಲ್ಲ. ಆಂಟೆನಾದ ಎದುರಿಗೆ ಅದೇ ಎತ್ತರದ ಕಟ್ಟಡವಿದ್ದರೆ ನಡುವೆ ಎಷ್ಟು ಅಂತರ ಇರಬೇಕೆಂದು ಇಲಾಖೆಯೇ ಮಾರ್ಗಸೂಚಿ ಹೊರಡಿಸಿತ್ತು: ಒಂದು ಆಂಟೆನಾಗೆ 20 ಮೀಟರ್, ಎರಡಕ್ಕೆ 35, ನಾಲ್ಕಕ್ಕೆ 45, ಆರಕ್ಕೆ 55, ಹನ್ನೆರಡಕ್ಕೆ 75. ಒಂಬತ್ತು ಮೀಟರ್ ಅಗಲದ ಸೈಟುಗಳ ಬೀದಿಯಲ್ಲಿ 35 ಮೀಟರ್ ಎಂದರೆ ನಾಲ್ಕು ಮನೆ ದಾಟಬೇಕು.

ಟವರ್ ನಿಲ್ಲಿಸಿದ ದಿನ ಈ ಅಂತರ ಪಾಲಿಸಿದ್ದರೂ ಇಂದು ಉಳಿದಿರುತ್ತದೆ ಎಂಬ ಭರವಸೆ ಇಲ್ಲ. ಹದಿನೈದು ವರ್ಷದ ಹಿಂದೆ ಒಂದು ಮಹಡಿಯಿದ್ದ ಮನೆಗಳ ಜಾಗದಲ್ಲಿ ಈಗ ಕೆಳಗೆ ಕಾರು ನಿಲ್ಲಿಸಿ ಮೇಲೆ ಮೂರು ಮಹಡಿ ಎತ್ತಿದ್ದಾರೆ. ನೆತ್ತಿಯ ಮೇಲೆ ಹಾದು ಹೋಗುತ್ತಿದ್ದ ಕಿರಣ ಈಗ ಮಕ್ಕಳು ಓದುವ ಕೋಣೆಯ ಎತ್ತರಕ್ಕೆ ಬಂದಿದೆ. ಅದೇ ಕಂಬಕ್ಕೆ 2ಜಿ ಆಂಟೆನಾ ಪಕ್ಕ 4ಜಿ ಸೇರಿತು, 2022ರ ಅಕ್ಟೋಬರ್‌ನಿಂದ 5ಜಿ ಸೇರುತ್ತಿದೆ, ಒಂದೇ ಟವರನ್ನು ಎರಡು ಮೂರು ಕಂಪನಿಗಳು ಹಂಚಿಕೊಂಡವು. ಒಬ್ಬೊಬ್ಬರೂ ತಮ್ಮ ಪಾಲು ಮಿತಿಯೊಳಗಿದೆ ಎನ್ನಬಹುದು. ಎದುರು ಕಿಟಕಿಗೆ ಬರುವುದು ಎಲ್ಲರದ್ದೂ ಕೂಡಿದ ಮೊತ್ತ. ಬಡಾವಣೆ ಎದ್ದುನಿಂತಂತೆಲ್ಲ, ಆಂಟೆನಾ ಕೂಡಿಕೊಂಡಂತೆಲ್ಲ ಆ ಕಿಟಕಿಯಲ್ಲಿ ಮತ್ತೆ ಅಳೆದವರು ಯಾರು?

ವ್ಯವಸ್ಥೆ ಹೇಗಿದೆ ನೋಡಿ. 2008ರಿಂದ ಕಂಪನಿಗಳೇ ತಮ್ಮ ಟವರ್ ಸರಿಯಿದೆ ಎಂದು ಸ್ವಯಂ ಪ್ರಮಾಣಪತ್ರ ಕೊಡುತ್ತವೆ. ಇಲಾಖೆಯ ಘಟಕ ವರ್ಷಕ್ಕೆ ಶೇ 10ರವರೆಗೆ ನೆಲೆಗಳನ್ನು ಆಯ್ದು ಪರೀಕ್ಷಿಸುತ್ತದೆ. ಮೀರಿದರೆ ನೆಲೆಯೊಂದಕ್ಕೆ ಲಕ್ಷಗಟ್ಟಲೆ ದಂಡವಿದೆ. 2017ರ ಮೇ 2ರಂದು ‘ತರಂಗ್ ಸಂಚಾರ್’ ಜಾಲತಾಣ ಬಂತು. ಊರಿನ ನಕ್ಷೆಯಲ್ಲಿ ಟವರನ್ನು ಹುಡುಕಬಹುದು, ಅದು ನಿಯಮ ಪಾಲಿಸುತ್ತಿದೆಯೇ ಎಂದು ತಿಳಿಯಬಹುದು. ನಮ್ಮ ಮನೆಯಲ್ಲೇ ಅಳೆದು ತೋರಿಸಿ ಎಂದರೆ 4,000 ರೂಪಾಯಿ ಕಟ್ಟಬೇಕು. ಇದು ತೀರ ತಪ್ಪು. ಅಲೆ ಹೊರಸೂಸಿ ಲಾಭ ಮಾಡುವವರು ಒಬ್ಬರು, ಅದನ್ನು ಅಳೆಸಲು ಕಾಸು ಕೊಡಬೇಕಾದವರು ಎದುರುಮನೆಯ ಪಿಂಚಣಿದಾರರು! ‘ಪಾಲನೆಯಾಗಿದೆ’ ಎಂಬ ಪದ ಯಾರಿಗೂ ಬೇಕಿಲ್ಲ. ಎಷ್ಟು ಅಳೆದಿರಿ, ಎಲ್ಲಿ ನಿಂತು ಅಳೆದಿರಿ, ಯಾವ ದಿನ ಯಾವ ಹೊತ್ತಿನಲ್ಲಿ ಅಳೆದಿರಿ ಎಂಬ ಅಂಕಿ ಬೇಕು. ಬಹುಪಾಲು ಕಡೆ ಆ ಅಂಕಿ ಮಿತಿಗಿಂತ ಎಷ್ಟೋ ಕೆಳಗೇ ಇರುತ್ತದೆ. ಟವರುಗಳ ಸುತ್ತ ಜನರಿಗೆ ತಾಕುವುದು ಅಂತರರಾಷ್ಟ್ರೀಯ ಮಿತಿಯ ಶೇ 0.002ರಿಂದ ಶೇ 2ರವರೆಗೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲೇ ದಾಖಲಿಸಿತ್ತು. ಅಷ್ಟು ಒಳ್ಳೆಯ ಅಂಕಿಯನ್ನು ತೋರಿಸಲು ಕಂಪನಿಗಳಿಗೆ ಅಡ್ಡಿಯೇನು? ತೋರಿಸದೆ ಇರುವವರ ಮೇಲೆ ಜನ ಸಂಶಯ ಪಟ್ಟರೆ ಅದನ್ನು ಅಜ್ಞಾನ ಎನ್ನಲಾಗದು.

ಪಾಲಿಕೆಯ ಬಾಗಿಲೂ ವರ್ಷ ವರ್ಷಕ್ಕೆ ಕಿರಿದಾಗುತ್ತ ಬಂದಿದೆ. ಮೊಬೈಲ್ ಟವರಿಗೆ ಆಸ್ತಿ ತೆರಿಗೆ ಹಾಕುವ ಅಧಿಕಾರ ರಾಜ್ಯಗಳಿಗೆ ಇದೆ ಎಂದು ಸುಪ್ರೀಂ ಕೋರ್ಟ್ 2016ರ ಡಿಸೆಂಬರ್‌ನಲ್ಲಿ ಗುಜರಾತಿನ ಪ್ರಕರಣದಲ್ಲಿ ಎತ್ತಿಹಿಡಿದಿತ್ತು. 2022ರ ಆಗಸ್ಟ್‌ನಲ್ಲಿ ಕೇಂದ್ರ ತನ್ನ ಮಾರ್ಗಹಕ್ಕು ನಿಯಮಗಳಿಗೆ ತಿದ್ದುಪಡಿ ತಂದು, ಖಾಸಗಿ ಆಸ್ತಿಯ ಮೇಲೆ ಟವರ್ ನಿಲ್ಲಿಸಲು ಸ್ಥಳೀಯ ಸಂಸ್ಥೆಯ ಅನುಮತಿ ಬೇಡ, ಮುಂಚಿತವಾಗಿ ಲಿಖಿತ ಮಾಹಿತಿ ಕೊಟ್ಟರೆ ಸಾಕು, ಜತೆಗೆ ಕಟ್ಟಡ ಗಟ್ಟಿಯಾಗಿದೆ ಎಂಬ ಎಂಜಿನಿಯರ್ ಪ್ರಮಾಣಪತ್ರ ಇರಲಿ ಎಂದಿತು. 2023ರ ದೂರಸಂಪರ್ಕ ಕಾಯ್ದೆ, ಆಸ್ತಿಯ ಮೇಲೆ ನಿಂತ ದೂರಸಂಪರ್ಕ ಜಾಲವನ್ನು ಆ ಆಸ್ತಿಯಿಂದ ಬೇರೆ ಎಂದು ಪರಿಗಣಿಸಿತು, ಆಸ್ತಿ ತೆರಿಗೆಯ ಉದ್ದೇಶಕ್ಕೂ ಸೇರಿಸಿ. ದೇಶಕ್ಕೆ ಬೇಗ ಜಾಲ ಹರಡಬೇಕೆಂಬ ಆತುರ ಅರ್ಥವಾಗುತ್ತದೆ. ಆದರೆ ಈ ಎಲ್ಲ ನಿಯಮಗಳಲ್ಲಿ ಕಂಪನಿ ಇದೆ, ಮಾಳಿಗೆಯ ಒಡೆಯ ಇದ್ದಾನೆ, ಸರ್ಕಾರ ಇದೆ. ಎದುರುಮನೆಯವನಿಗೆ ಜಾಗವಿಲ್ಲ. ಒಬ್ಬ ಎಂಜಿನಿಯರ್ ಸಹಿ ಹಾಕಿದ ಹಾಳೆಯನ್ನು ಪಾಲಿಕೆ ಕಡತದಲ್ಲಿಟ್ಟು ಮರೆತರೆ ಗಾಳಿ ಮಳೆಯ ದಿನ ಅದರ ಫಲ ಉಣ್ಣಬೇಕಾದವನು ಅವನೇ. ಮೈಸೂರು ಪಾಲಿಕೆಯ ಚುನಾಯಿತ ಮಂಡಳಿಯ ಅವಧಿ 2023ರ ನವೆಂಬರ್‌ನಲ್ಲಿ ಮುಗಿಯಿತು. ಆ ಬಳಿಕ ದೂರು ಹೇಳಿಕೊಳ್ಳಲು ವಾರ್ಡಿಗೊಬ್ಬ ಕಾರ್ಪೊರೇಟರ್ ಕೂಡ ಇಲ್ಲದೆ ಜನ ಕಚೇರಿಯಿಂದ ಕಚೇರಿಗೆ ಅಲೆದರು. ಪಾಲಿಕೆ ‘ಇದು ಕೇಂದ್ರದ ವಿಷಯ’ ಎನ್ನುತ್ತದೆ, ಕೇಂದ್ರದ ಇಲಾಖೆಯ ಕಚೇರಿ ಬೆಂಗಳೂರಿನಲ್ಲಿದೆ.

ನ್ಯಾಯಾಲಯಗಳೂ ಒಂದೇ ದಾರಿಯಲ್ಲಿ ನಡೆದಿಲ್ಲ. ಕೇರಳ ಹೈಕೋರ್ಟ್ 2006ರಲ್ಲೇ, ಹಾನಿಯ ಪುರಾವೆಯಿಲ್ಲದೆ ಪಂಚಾಯಿತಿ ಟವರ್ ತಡೆಯುವುದನ್ನು ಒಪ್ಪಲಿಲ್ಲ. ರಾಜಸ್ಥಾನ ಹೈಕೋರ್ಟ್ 2012ರ ನವೆಂಬರ್‌ನಲ್ಲಿ ಶಾಲೆ, ಆಸ್ಪತ್ರೆ, ಆಟದ ಮೈದಾನಗಳಿಂದ ಟವರ್ ತೆಗೆಯಿರಿ ಎಂದಿತು. 2017ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಗ್ವಾಲಿಯರ್‌ನ ಒಬ್ಬ ಕ್ಯಾನ್ಸರ್ ರೋಗಿಯ ಅರ್ಜಿಯ ಮೇಲೆ ಬಿಎಸ್‌ಎನ್‌ಎಲ್‌ನ ಒಂದು ಟವರನ್ನು ಏಳು ದಿನದಲ್ಲಿ ನಿಲ್ಲಿಸಲು ಹೇಳಿತು. ಆ ಆದೇಶ ಒಂದು ಟವರಿಗೆ ಸಂಬಂಧಿಸಿದ್ದು. ಟವರಿನಿಂದ ಕ್ಯಾನ್ಸರ್ ಬರುತ್ತದೆಂದು ವೈಜ್ಞಾನಿಕವಾಗಿ ತೀರ್ಮಾನಿಸಿದ್ದಲ್ಲ. ಅದನ್ನು ಹಿಡಿದು ಬೀದಿ ಬೀದಿಯಲ್ಲಿ ಬ್ಯಾನರ್ ಕಟ್ಟುವುದು ಸರಿಯಲ್ಲ.

‘ಟವರನ್ನು ಬಡಾವಣೆಯಿಂದ ಹೊರಗೆ ಹಾಕಿ’ ಎಂಬ ಬೇಡಿಕೆಯನ್ನೂ ನಾವು ಬೆಂಬಲಿಸುವುದಿಲ್ಲ. ಅದಕ್ಕೆ ಕಾರಣ ಕಂಪನಿಗಳ ಮೇಲಿನ ಪ್ರೀತಿಯಲ್ಲ. ಟವರ್ ದೂರ ಹೋದಂತೆ ಸಿಗ್ನಲ್ ಕ್ಷೀಣಿಸುತ್ತದೆ. ಸಿಗ್ನಲ್ ಕ್ಷೀಣಿಸಿದಾಗ ಕೈಯಲ್ಲಿರುವ ಫೋನು ಟವರನ್ನು ಮುಟ್ಟಲು ತನ್ನ ಶಕ್ತಿಯನ್ನು ಏರಿಸಿಕೊಳ್ಳುತ್ತದೆ. ಹಳೆಯ 2ಜಿ ಫೋನು ಗರಿಷ್ಠ 2 ವ್ಯಾಟ್‌ವರೆಗೆ ಏರಬಲ್ಲದು, 4ಜಿ ಫೋನು ಸುಮಾರು 0.2 ವ್ಯಾಟ್. ಅಂಕಿ ಸಣ್ಣದು, ಆದರೆ ಅದು ಇರುವುದು ಕಿವಿಯಿಂದ ಒಂದು ಸೆಂಟಿಮೀಟರ್ ಆಚೆ. ದಿನವಿಡೀ ಟವರಿನಿಂದ ಬರುವುದಕ್ಕಿಂತ ಹೆಚ್ಚನ್ನು ನಮ್ಮದೇ ಫೋನು ಕೊಡುತ್ತದೆ, ಟವರ್ ದೂರವಾದಷ್ಟೂ ಹೆಚ್ಚು ಕೊಡುತ್ತದೆ. ಮಗುವಿನ ಕೈಗೆ ಗಂಟೆಗಟ್ಟಲೆ ಫೋನು ಕೊಟ್ಟು, ಟವರ್ ವಿರುದ್ಧ ಸಹಿ ಹಾಕಲು ಹೋಗುವ ತಂದೆತಾಯಿ ಮೊದಲು ಇದನ್ನು ತಿಳಿಯಬೇಕು. ಬೇಕಾದ್ದು ಆಂಟೆನಾವನ್ನು ಎತ್ತರಕ್ಕೆ, ಎದುರಿಗೆ ಕಟ್ಟಡವಿಲ್ಲದ ದಿಕ್ಕಿಗೆ, ಸಾಧ್ಯವಾದರೆ ಸರ್ಕಾರಿ ಕಟ್ಟಡಗಳ, ವಾಣಿಜ್ಯ ಸಂಕೀರ್ಣಗಳ ಮೇಲೆ ನಿಲ್ಲಿಸುವುದು.

ಈ ಜಗಳದಲ್ಲಿ ಯಾರ ಕಣ್ಣಿಗೂ ಬೀಳದ ಒಂದು ಅಪರಾಧಿ ಟವರಿನ ಬುಡದಲ್ಲೇ ಇದೆ. ಕರೆಂಟು ಹೋದಾಗ ಗುಡುಗುವ ಡೀಸೆಲ್ ಜನರೇಟರ್. ರೇಡಿಯೊ ಅಲೆಯನ್ನು ‘ಇರಬಹುದು’ ಎಂಬ ಗುಂಪಿಗೆ ಹಾಕಿದ ಅದೇ ಕ್ಯಾನ್ಸರ್ ಸಂಶೋಧನಾ ಸಂಸ್ಥೆ, ಒಂದು ವರ್ಷದ ಬಳಿಕ, 2012ರ ಜೂನ್‌ನಲ್ಲಿ, ಡೀಸೆಲ್ ಎಂಜಿನ್ನಿನ ಹೊಗೆಯನ್ನು ಮೊದಲನೇ ಗುಂಪಿಗೆ ಸೇರಿಸಿತು. ತಂಬಾಕು, ಕಲ್ನಾರು ಇರುವ ಗುಂಪು ಅದು. ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂಬುದಕ್ಕೆ ಸಾಕಷ್ಟು ಸಾಕ್ಷ್ಯವಿದೆ ಎಂಬ ಗುಂಪು. ತುದಿಯ ಆಂಟೆನಾಗೆ ಹೆದರಿ ಬೀದಿಗಿಳಿದವರು ಬುಡದ ಹೊಗೆಯನ್ನು ಉಸಿರಾಡುತ್ತಲೇ ಘೋಷಣೆ ಕೂಗಿದ್ದಾರೆ. ವಸತಿ ಪ್ರದೇಶದಲ್ಲಿ ರಾತ್ರಿ ಶಬ್ದ 45 ಡೆಸಿಬಲ್ ಮೀರಬಾರದೆಂದು 2000ದ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ಕವಚದಿಂದ ಒಂದು ಮೀಟರ್ ದೂರದಲ್ಲಿ ಜನರೇಟರಿಗೆ ಅನುಮತಿಸಿರುವುದು 75 ಡೆಸಿಬಲ್. ಎರಡು ಮೂರು ಮೀಟರ್ ಆಚೆಯ ಕೋಣೆಯಲ್ಲಿ ಮಲಗಿದವರಿಗೆ ತಲೆನೋವು, ನಿದ್ದೆಗೇಡು ಬಂದರೆ ಅದಕ್ಕೆ ಕಾಣದ ಅಲೆಯನ್ನು ಹುಡುಕಬೇಕಿಲ್ಲ. ದೂರಸಂಪರ್ಕ ಇಲಾಖೆ 2012ರ ಜನವರಿಯಲ್ಲೇ ಆದೇಶಿಸಿತ್ತು: 2015ರೊಳಗೆ ನಗರದ ಟವರುಗಳಲ್ಲಿ ಶೇ 20, 2020ರೊಳಗೆ ಶೇ 33 ನವೀಕರಿಸಬಹುದಾದ ಶಕ್ತಿಯನ್ನೂ ಬಳಸಬೇಕು. ಬಿಸಿಲಿಗೆ ಬರವಿಲ್ಲದ ಮೈಸೂರಿನಲ್ಲಿ ಎಷ್ಟು ಮಾಳಿಗೆ ಟವರುಗಳ ಪಕ್ಕ ಸೌರ ಫಲಕ ಇದೆ ಎಂದು ಕಂಪನಿಗಳು ಹೆಸರು ಹೆಸರಾಗಿ ಪಟ್ಟಿ ಕೊಡಲಿ. ಬ್ಯಾಟರಿಯಲ್ಲೇ ನಡೆಸುವಷ್ಟು ವಿದ್ಯುತ್ ವ್ಯತ್ಯಯ ಕಡಿಮೆಯಿರುವ ನಗರದಲ್ಲಿ ಮನೆಗಳ ನಡುವೆ ಡೀಸೆಲ್ ಜನರೇಟರ್ ಇಡಲು ಯಾವ ಸಮರ್ಥನೆಯೂ ಇಲ್ಲ. ಅದನ್ನು ತೆಗೆಸುವ ಅಧಿಕಾರ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗಿದೆ. ಇದಕ್ಕೆ ದೆಹಲಿಯನ್ನು ಕೇಳಬೇಕಾಗಿಲ್ಲ.

ಆದ್ದರಿಂದ ಮಾಡಬೇಕಾದ್ದನ್ನು ಹೆಸರಿಟ್ಟು ಹೇಳುತ್ತೇವೆ. ದೂರಸಂಪರ್ಕ ಇಲಾಖೆ 4,000 ರೂಪಾಯಿಯ ಶುಲ್ಕವನ್ನು ರದ್ದು ಮಾಡಿ, ಆ ಖರ್ಚನ್ನು ಟವರಿನ ಕಂಪನಿಯಿಂದ ವಸೂಲು ಮಾಡಲಿ. ಆಂಟೆನಾ ಸೇರಿಸಿದಾಗಲೆಲ್ಲ, ಎದುರಿಗೆ ಹೊಸ ಮಹಡಿ ಎದ್ದಾಗಲೆಲ್ಲ, ಎದುರುಮನೆಯ ಕಿಟಕಿಯಲ್ಲೇ ನಿಂತು ಎಲ್ಲ ಕಂಪನಿಗಳ ಒಟ್ಟು ಮೊತ್ತವನ್ನು ಅಳೆಯಲಿ. ಆ ಅಂಕಿ, ಮಿತಿ, ಅಳೆದ ದಿನಾಂಕ, ದೂರು ಕೊಡಬೇಕಾದ ಸಂಖ್ಯೆ, ಇಷ್ಟನ್ನು ದಾರಿಹೋಕರಿಗೆ ಕಾಣುವಂತೆ ಕನ್ನಡದ ಫಲಕದಲ್ಲಿ ಟವರಿನ ಕೆಳಗೆ ಬರೆಸಲಿ. ಮಹಡಿ ಎತ್ತಲು ನಕ್ಷೆ ಮಂಜೂರು ಮಾಡುವುದು ಪಾಲಿಕೆಯೇ; ಹತ್ತಿರದಲ್ಲಿ ಆಂಟೆನಾ ಇದ್ದರೆ ಅದೇ ಮೇಜಿನಿಂದ ಇಲಾಖೆಗೆ ಒಂದು ಪತ್ರ ಹೋಗುವುದನ್ನು ಯಾವ ಕೇಂದ್ರ ಕಾನೂನೂ ತಡೆಯುವುದಿಲ್ಲ. ಹಳೆಯ ಕಟ್ಟಡಗಳ ಮೇಲಿನ ಟವರಿಗೆ ಕೊಟ್ಟ ಎಂಜಿನಿಯರ್ ಪ್ರಮಾಣಪತ್ರಗಳನ್ನು ಪಾಲಿಕೆ ಕಡತದಿಂದ ಹೊರತೆಗೆದು ಜಾಲತಾಣಕ್ಕೆ ಹಾಕಲಿ, ಮುಂಗಾರಿನ ಮೊದಲು ಪರಿಶೀಲಿಸಲಿ. ಟವರ್ ಬರುವ ಹದಿನೈದು ದಿನ ಮೊದಲು ಸುತ್ತಲಿನ ಐವತ್ತು ಮೀಟರ್ ಒಳಗಿನ ಪ್ರತಿ ಮನೆಗೂ ನೋಟಿಸ್ ಹೋಗಬೇಕೆಂದು ರಾಜ್ಯ ಸರ್ಕಾರ ನಿಯಮ ಮಾಡಲಿ.

ಮುಂದಿನ ವರ್ಷಗಳಲ್ಲಿ ಈ ಕೆಲಸ ಹಗುರಾಗುವುದಿಲ್ಲ. 5ಜಿಗೆ ಚಿಕ್ಕ ಚಿಕ್ಕ ನೆಲೆಗಳು ಬೇಕು. ದೀಪದ ಕಂಬ, ಬಸ್ ತಂಗುದಾಣ, ಅಂಗಡಿಯ ಗೋಡೆಗೂ ಆಂಟೆನಾ ಬರುತ್ತದೆ. ಅವುಗಳ ಶಕ್ತಿ ಕಡಿಮೆ, ಜನರಿಂದ ದೂರವೂ ಕಡಿಮೆ. ಈಗಿನ ಶೇ 10ರ ಪರೀಕ್ಷೆ, ಸ್ವಯಂ ಪ್ರಮಾಣಪತ್ರದ ಪದ್ಧತಿ ಇದನ್ನು ಹೊರಲಾರದು. ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಸಲಹಾ ಸಮಿತಿಯೇ ರೇಡಿಯೊ ಅಲೆಗಳ ವರ್ಗೀಕರಣವನ್ನು ಮತ್ತೆ ಆದ್ಯತೆಯಿಂದ ಪರಿಶೀಲಿಸಬೇಕೆಂದು 2019ರಲ್ಲಿ ಹೇಳಿದೆ. ನಾಳೆ ಅದು ಯಾವ ಕಡೆಗೆ ತಿರುಗಿದರೂ, ನಮ್ಮ ಬೀದಿಗಳ ಹತ್ತು ವರ್ಷದ ಅಳತೆ ಕೈಯಲ್ಲಿದ್ದರೆ ಮಾತ್ರ ಅದರಿಂದ ನಮಗೆ ಉಪಯೋಗ.

ಮೈಸೂರಿನಲ್ಲಿ ವಿಶ್ವವಿದ್ಯಾಲಯದ ಭೌತವಿಜ್ಞಾನ ವಿಭಾಗವಿದೆ, ಎಂಜಿನಿಯರಿಂಗ್ ಕಾಲೇಜುಗಳಿವೆ, ಅಳೆಯುವ ಉಪಕರಣ ಹಿಡಿದು ಬೀದಿಗಿಳಿಯಬಲ್ಲ ಸಾವಿರಾರು ವಿದ್ಯಾರ್ಥಿಗಳಿದ್ದಾರೆ. ಬರುವ ಜೂನ್‌ನಲ್ಲಿ ಶಾಲೆಗಳು ತೆರೆಯುವ ಮೊದಲು ಕುವೆಂಪುನಗರದ ಪ್ರತಿ ಶಾಲೆಯ ಮೇಲ್ಮಹಡಿಯ ತರಗತಿಯಲ್ಲಿ, ಪ್ರತಿ ಆಸ್ಪತ್ರೆಯ ವಾರ್ಡಿನಲ್ಲಿ, ಟವರಿಗೆ ಎದುರಾದ ಪ್ರತಿ ಮನೆಯಲ್ಲಿ ಅಳತೆ ಮುಗಿದು ಪಾಲಿಕೆಯ ಸೂಚನಾ ಫಲಕಕ್ಕೆ ಬರಲಿ. ಮಿತಿ ಮೀರಿದ ಆಂಟೆನಾವನ್ನು ಅದೇ ದಿನ ಆರಿಸಿ, ದಿಕ್ಕು ಬದಲಿಸಿದ ಮೇಲೆ, ಮತ್ತೆ ಅಳೆದ ಮೇಲೆ, ಹೊತ್ತಿಸಲಿ.